ಒಂಟೆತ್ತಿನ ಗಾಡಿ

ಎತ್ತಿಗೆ ಬಾಲ ಇರಬೇಕೋ ಬೇಡವೋ ಎಂಬುದು ಆ ಭಾನುವಾರ ಗೇಟು ತೆರೆಯುವುದರೊಳಗೆ ಇತ್ಯರ್ಥವಾಗಲೇಬೇಕಾಗಿದ್ದ ಘನವಾದ ಪ್ರಶ್ನೆಯಾಗಿತ್ತು. ನಿಟ್ಟೂರಿನ ಈಚೆಗೆ ತೆಂಗಿನ ತೋಟದೊಳಗಿರುವ ‘ಚಿಣ್ಣರೂರು’ ಥೀಮ್ ಪಾರ್ಕಿನ ಆಡಳಿತ ಮಂಡಳಿ, ಅಂದರೆ ಧಣಿ ಪುಟ್ಟರಂಗಯ್ಯನವರ ಮಗ ನಾಗೇಶ, ಮುತ್ತುರಾಜನ ಹಿಂದೆ ನಿಂತು ಅವನ ಅಂಡನ್ನು ಬಹಳ ಹೊತ್ತು ಪರಿಶೀಲಿಸಿದ. ಬೆಂಗಳೂರಿನಿಂದ ತರಿಸಿದ ಎತ್ತಿನ ವೇಷದಲ್ಲಿ ಕೊಂಬು ಬಂದಿತ್ತು, ಕಿವಿ ಬಂದಿತ್ತು, ಬಾಲ ಬಂದಿರಲಿಲ್ಲ.

“ಬಾಲ ಇಲ್ದಿದ್ರೆ ಎತ್ತು ಅಂತ ಯಾವನ್ ನಂಬ್ತಾನೆ? ಕೊಂಬಿರೋ ಕರಡಿ ತರ ಕಾಣ್ತಾನೆ ನನ್ಮಗ. ಅರುಣಾ, ಒಂದು ನಾರಿನ ಹಗ್ಗ ತಂದು ಕಟ್ಟಮ್ಮಿ. ನಿನ್ ಗಂಡನ್ ಬಾಲ ಎಲ್ಲಿರ್ಬೇಕು ಅಂತ ನಿಂಗಲ್ದೆ ಇನ್ಯಾರಿಗ್ ಗೊತ್ತು.”

ಟಿಕೆಟ್ ಕೌಂಟರಿನವರು ನಕ್ಕರು. ಅರುಣಾ ಹಗ್ಗ ತಂದು, ತುದಿಯನ್ನು ಹಿಂಜಿ ಕುಚ್ಚು ಮಾಡಿ, ಮುತ್ತುರಾಜನ ಬೆಲ್ಟಿಗೆ ಗಂಟು ಹಾಕಿದಳು. ಅವನು ಬೆನ್ನು ತಿರುಗಿಸಿ ನಿಂತಿದ್ದುದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಇಬ್ಬರೂ ಮುಖ ನೋಡಿಕೊಳ್ಳುವುದು ತಪ್ಪಿತು.

ಎತ್ತಿನ ಜಾಗಕ್ಕೆ ಮನುಷ್ಯ ಬಂದದ್ದು ದಯೆಯ ದೆಸೆಯಿಂದ. ಪಾರ್ಕಿನಲ್ಲಿ ಹಳ್ಳಿಕಾರ್ ಜೋಡಿಯೊಂದು ಮಕ್ಕಳ ಗಾಡಿ ಎಳೆಯುತ್ತಿತ್ತು. ಗಾಡಿ ಹೊಡೆಯುವವನು ಮುತ್ತುರಾಜ. ಹೋದ ವಾರ ಬೆಂಗಳೂರಿನಿಂದ ಬಂದ ತಾಯಿಯೊಬ್ಬರು ಎತ್ತಿನ ಹೆಗಲ ಮೇಲೆ ನೊಗ ಕಂಡು ಮನನೊಂದು, ಇಲ್ಲಿ ಮೂಕಪ್ರಾಣಿಗಳನ್ನು ಹಿಂಸಿಸುತ್ತಾರೆಂದು ಫೋನಿನಲ್ಲಿ ಬರೆದು ಒಂದೇ ಒಂದು ಸ್ಟಾರ್ ಕೊಟ್ಟರು. ಪುಟ್ಟರಂಗಯ್ಯನವರು ಅನ್ನ ಬಿಟ್ಟರು. ಎತ್ತುಗಳನ್ನು ನೆರಳಿಗೆ ಕಟ್ಟಿಸಿ, ಫ್ಯಾನು ಹಾಕಿಸಿ, ‘ನಮ್ಮ ಎತ್ತುಗಳು ವಿಶ್ರಾಂತಿಯಲ್ಲಿವೆ, ದಯವಿಟ್ಟು ಗಲಾಟೆ ಮಾಡಬೇಡಿ’ ಎಂದು ಬೋರ್ಡು ಬರೆಸಿದರು. ಆದರೆ ಗಾಡಿ ನಿಲ್ಲಿಸುವಂತಿರಲಿಲ್ಲ. ಚಿಕ್ಕ ಮಕ್ಕಳು ಬರುತ್ತಿದ್ದುದೇ ಅದೊಂದಕ್ಕೆ. ಟೈರಿನ ಗಾಲಿಯ ಪುಟ್ಟ ಗಾಡಿ ಮಾಡಿಸಿ, ಅದಕ್ಕೆ ಮುತ್ತುರಾಜನನ್ನೇ ಹೂಡುವುದೆಂದು ತೀರ್ಮಾನವಾಯಿತು.

ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮುಗಿದು ಮನೆಗೆ ಕಳಿಸಿದ ಮೇಲೆ ಇಲ್ಲಿಗೆ ಸೇರಿದ್ದವನು ಅವನು. ಆಗುವುದಿಲ್ಲ ಎಂದು ಒಂದು ಸಲ ಅಂದ. ಹಾಗಾದರೆ ಗಂಡ ಹೆಂಡತಿ ಇಬ್ಬರೂ ಕಾಲೋನಿಗೆ ಹೋಗಿ ತಮಟೆ ಕಾಯಿಸಿಕೊಂಡು ಕೂತುಕೊಳ್ಳಿ ಎಂದು ನಾಗೇಶ ಹೇಳಿದ ಮೇಲೆ ಎರಡನೆಯ ಸಲ ಅನ್ನಲಿಲ್ಲ. ಆ ರಾತ್ರಿ ಅರುಣಾ ಬೇಡ ಬುಡು ಅನ್ನುತ್ತಾಳೇನೋ ಎಂದು ಅವನು ಕಾದ. ಅವಳು ಪಾತ್ರೆ ತೊಳೆದಳು.

ಅವಳಿಗೂ ಅಲ್ಲೇ ಕೆಲಸ. ಮಕ್ಕಳು ಅವಳನ್ನು ಆಕ್ಟಿವಿಟಿ ಅಕ್ಕ ಎನ್ನುತ್ತಿದ್ದವು. ಗಾಡಿಗೆ ಕಾಯುವ ಸಾಲಿನಲ್ಲಿ ಯಾವ ಮಗುವೂ ಅಳದಂತೆ ನೋಡಿಕೊಳ್ಳುವುದು ಆ ಹುದ್ದೆಯ ಸಾರ. ಮಗು ಅತ್ತರೆ ತಾಯಿ ಗೇಟಿನ ಕಡೆ ನೋಡುತ್ತಾಳೆ, ತಾಯಿ ನೋಡಿದರೆ ನಾಗೇಶ ಅರುಣಾಳನ್ನು ನೋಡುತ್ತಾನೆ. ತೆಂಗಿನ ಗರಿಯಲ್ಲಿ ವಾಚು ಮಾಡಿ ಕಟ್ಟುವುದು, ಪೀಪಿ ಸುತ್ತಿ ಊದಿಸುವುದು, ಹುಣಸೆಬೀಜದಲ್ಲಿ ಇರುವೆಯ ಮೆರವಣಿಗೆ ಮಾಡಿಸುವುದು, ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಮಗುವಿನ ತುಟಿ ಕೊಂಕುವುದಕ್ಕೆ ಮೊದಲೇ ಅವಳ ಕೈ ಏನನ್ನೋ ಹುಡುಕಿಕೊಂಡು ಹೋಗಿರುತ್ತಿತ್ತು. ಮನಸ್ಸು ಆಮೇಲೆ ಬಂದು ಸೇರಿಕೊಳ್ಳುತ್ತಿತ್ತು.

ಮಕ್ಕಳು ಬಂದವು. ಗಾಡಿ ಹೊರಟಾಗ ಹೈ ಹೈ ಅನ್ನಬೇಕೆಂದು ಅವಳೇ ಹೇಳಿಕೊಟ್ಟಳು. ಹೇಳಿಕೊಡುವುದೂ ಹುದ್ದೆಯೊಳಗೇ ಸೇರಿತ್ತು. ಮುತ್ತುರಾಜ ನೊಗಕ್ಕೆ ಹೆಗಲು ಕೊಟ್ಟು ಎಳೆದ. ತೋಟದ ಸುತ್ತ ಗೆಜ್ಜೆ ಆಡಿಸಿಕೊಂಡು, ತಲೆ ಒಲೆದುಕೊಂಡು, ಒಂದು ಕಡೆ ಬುಸ್ಸೆಂದು ಉಸಿರೂ ಬಿಟ್ಟ. ಮಕ್ಕಳು ಕೇಕೆ ಹಾಕಿದವು. ಒಬ್ಬ ಹುಡುಗ ಮುಂದೆ ಬಾಗಿ ಬಾಲ ತಿರುಚಿದ. ಇನ್ನೊಬ್ಬ ರಿಬ್ಬನ್ ಕಟ್ಟಿದ ಬಾರುಕೋಲಿನಿಂದ ಬಾರಿಸಿದ. ಅಪ್ಪಂದಿರು ಫೋನು ಹಿಡಿದರು. ಸೂಪರ್ ಕಣಲಾ, ಎತ್ತಿಗಿಂತ ಚೆನ್ನಾಗ್ ನಡೀತಿಯ ಎಂದು ನಾಗೇಶ ಹೊಗಳಿದ. ಅರುಣಾ ಸಾಲಿನ ಕಡೆ ತಿರುಗಿ ವಾಚು ಕಟ್ಟುತ್ತಿದ್ದಳು. ಎಷ್ಟು ಕಟ್ಟಿದರೂ ಗೆಜ್ಜೆಯ ಸದ್ದು ಕಿವಿಗೆ ಬೀಳುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಕುಣಿಗಲ್‌ನಿಂದ ಹನುಮಂತರಾಜು ಎಂಬ ಮೇಷ್ಟರು ಮಗಳು ಬಿಂದುಶ್ರೀಯನ್ನು ಕರೆದುಕೊಂಡು ಬಂದಿದ್ದರು. ಇನ್ನೂ ಸ್ಕೂಲಿಗೆ ಸೇರದ ಮಗು. ಬೇರೆ ಮಕ್ಕಳೆಲ್ಲ ಗಾಡಿಯಲ್ಲಿ ಕೂತರೂ ಅದು ಹತ್ತಲಿಲ್ಲ. ಎತ್ತು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಪಾಪ, ಅದು ತಿಂದರೆ ಮಾತ್ರ ಹತ್ತುತ್ತೇನೆ ಎಂದು ಹಟ ಹಿಡಿಯಿತು. ಮೇಷ್ಟರು ಸಮಾಧಾನ ಮಾಡಿದರು. ಮಗುವಿನ ತುಟಿ ಕೊಂಕಿತು.

ಬೇಲಿಯ ಬುಡದಲ್ಲಿ ಗರಿಕೆ ಇತ್ತು. ಅರುಣಾ ಒಂದು ಹಿಡಿ ಕಿತ್ತು, ಮಣ್ಣು ಕೊಡವಿ, ಮಗುವಿನ ಕೈಗಿಟ್ಟಳು.

“ತಿನ್ಸು ಪುಟ್ಟ. ಹಸ್ದದೆ ಅದು.”

ಅಂದ ಮೇಲೆ ಅವಳಿಗೆ ತಾನು ಅಂದದ್ದು ಕೇಳಿಸಿತು. ಮಗು ಆಗಲೇ ಮುಖವಾಡದ ಬಾಯಿಯ ಸಂದಿಗೆ ಹುಲ್ಲು ಚಾಚಿತ್ತು. ಒಳಗೆ ಕತ್ತಲೆ. ಹುಲ್ಲು ಹೊರಗೇ ನಿಂತಿತ್ತು. ಮಗು ಅಪ್ಪನ ಕಡೆ ನೋಡಿತು, ನಾಗೇಶ ಅರುಣಾಳ ಕಡೆ ನೋಡಿದ. ಆಮೇಲೆ ಹುಲ್ಲು ಮೆಲ್ಲಗೆ ಒಳಕ್ಕೆ ಹೋಯಿತು. ಜಗಿಯುವ ಸದ್ದು ಕೇಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಇನ್ನೊಂದ್ಸಲ ತಿನ್ಸಮ್ಮ ಬಿಂದು” ಎಂದರು ಮೇಷ್ಟರು. “ವಿಡಿಯೋ ಆನ್ ಆಗಿರ್ಲಿಲ್ಲ.”

ಇನ್ನೊಂದು ಸಲವೂ ಆಯಿತು. ಮಗು ಗಾಡಿ ಹತ್ತಿತು. ಹೈ ಹೈ ಎಂದವು ಮಕ್ಕಳು. ಗಾಡಿ ಎತ್ತುಗಳ ವಿಶ್ರಾಂತಿಯ ಬೋರ್ಡಿನವರೆಗೆ ಹೋಗಿ ನಿಂತಿತು. ಮುತ್ತುರಾಜ ಮೊದಲು ಒಂದು ಮಂಡಿ ಊರಿದ, ಆಮೇಲೆ ಇನ್ನೊಂದು. ಗಾಡಿ ಮಗುಚದಂತೆ ಮುಂದಿನ ಮೂಕಿಮರವನ್ನು ಕೈಯಲ್ಲಿ ಹಿಡಿದು ನೆಲಕ್ಕಿಳಿಸಿ, ನೊಗದ ಕೆಳಗೇ ಮಗ್ಗುಲಾಗಿ ಮಲಗಿದ. ಉಳುವಾಗ ಸಾಕಾದ ಎತ್ತು ಸಾಲಿನಲ್ಲೇ ಮಲಗುತ್ತದಲ್ಲ, ಹಾಗೆ. ಮಕ್ಕಳು ಇದೂ ಆಟವೆಂದು ಬಹಳ ಸಂತೋಷಪಟ್ಟವು.

ನಾಗೇಶ ನಗುತ್ತಲೇ ಬಂದ, ಗಿರಾಕಿಗಳು ನೋಡುತ್ತಿದ್ದರು. ಬಾಗಿ ಮುಖವಾಡದ ಕಿವಿಯೊಳಗೆ ಹೇಳಿದ.

“ಎದ್ದೇಳ್ಲಾ ಸೂಳೆಮಗನೆ. ಎದ್ದೇಳು. ನಿಮ್ ಜಾತಿಗೆ ನೆಳ್ಳಲ್ಲಿ ಕೆಲ್ಸ ಕೊಟ್ಟಿದ್ದೇ ತಪ್ಪಾಯ್ತು.”

ಎತ್ತು ಅಲ್ಲಾಡಲಿಲ್ಲ. ಶೂ ತುದಿಯಿಂದ ಪಕ್ಕೆಗೆ ಒತ್ತಿದ. ಆಗಲೂ ಇಲ್ಲ. ಬಾಲ ಎಳೆದರೆ ಏಳುತ್ತೆ ಅಂಕಲ್ ಎಂದು ಗಾಡಿಯೊಳಗಿಂದ ಸಲಹೆ ಬಂತು.

“ಬಾರೇ ಇಲ್ಲಿ” ಎಂದ ಅರುಣಾಳಿಗೆ. “ಎಬ್ಸು ಇವನ್ನ. ಇಲ್ಲ ಇಬ್ರೂ ಇವತ್ತೇ ಜಾಗ ಖಾಲಿ ಮಾಡಿ.”

ಅವಳು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಏಳು ಅನ್ನುವುದಕ್ಕೆ ಬಾಯಿ ತೆರೆದಳೋ ಏನೋ, ಒಳಗಿಂದ ಅವನೇ ಮಾತಾಡಿದ.

“ನೀನ್ ಕಿತ್ಕೊಟ್ಟಿದ್ದು ಅಂತ ತಿಂದೆ ಕಣೇ.”

ಅರುಣಾ ನೊಗಕ್ಕೆ ಕಟ್ಟಿದ್ದ ಅವನ ಕೊರಳ ಹಗ್ಗಕ್ಕೆ ಕೈ ಹಾಕಿದಳು. ಗಂಟು ಬೆವರಿಗೆ ನೆಂದು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನೊಗ ಪಕ್ಕಕ್ಕೆ ತಳ್ಳಿದಳು. ಏನ್ ಮಾಡ್ತಿದೀಯೇ, ಮಕ್ಳು ನೋಡ್ತವೆ ಎಂದು ನಾಗೇಶ ಗದರಿದ. ಅವಳು ಕೊಂಬು ಹಿಡಿದು ಮುಖವಾಡ ಕಿತ್ತಳು. ಒಳಗೆ ಮುತ್ತುರಾಜ ಇದ್ದ. ಗಲ್ಲದ ಮೇಲೆ ಗರಿಕೆಯ ಹಸಿರು ರಸ ಇಳಿದಿತ್ತು.

ಮಕ್ಕಳ ಗಲಾಟೆ ನಿಂತುಹೋಯಿತು.

“ಅಕ್ಕಾ, ಎತ್ತು ಎಲ್ಲೋಯ್ತು?” ಬಿಂದುಶ್ರೀ ಕೇಳಿತು.

“ಎತ್ತಲ್ಲ ಕಣವ್ವ. ಇವ್ನು ನನ್ ಗಂಡ.”

ಮಗು ಅವನ ಗಲ್ಲದ ಹಸಿರನ್ನು ನೋಡಿತು. “ಅಂಕಲ್ ಹುಲ್ ತಿಂದ್ರಾ?”

“ಹೂಂ. ನೀನ್ ಕೊಟ್ಟೆ, ತಿಂದ್ರು. ನಾನ್ ಕೊಡಿಸ್ದೆ.”

ಮಗು ಜೋರಾಗಿ ಅಳತೊಡಗಿತು. ಅರುಣಾಳ ಕೈ ಅದರಷ್ಟಕ್ಕೆ ತೆಂಗಿನ ಗರಿಯ ಕಡೆ ಹೋಗಿ, ಅರ್ಧದಲ್ಲಿ ನಿಂತಿತು. ಅವಳು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಒಂದು ಮಗು ಅತ್ತದ್ದು ನೋಡಿ ಮಿಕ್ಕವೂ ಅತ್ತವು. ಅವಳು ಅವುಗಳನ್ನು ಅಳಲು ಬಿಟ್ಟಳು.

ಮೇಷ್ಟರು ಮಗಳನ್ನು ಎತ್ತಿಕೊಂಡರು. ಚಿಕ್ಕ ಮಕ್ಕಳ ಮುಂದೆ ಹೀಗೆಲ್ಲ ಹೇಳಿದರೆ ಅವುಗಳ ಮನಸ್ಸಿನ ಮೇಲೆ ಎಂಥ ಪರಿಣಾಮವಾಗುತ್ತದೆಂದು ನಾಗೇಶನನ್ನು ಕೇಳಿದರು. ಅವನು ಕ್ಷಮೆ ಕೇಳಿದ. ಮೇಷ್ಟರನ್ನು, ಆಮೇಲೆ ಮಗುವನ್ನು.

ಗಂಡ ಹೆಂಡತಿ ಅವತ್ತೇ ಹೊರಬಿದ್ದರು. ಗೇಟಿನವರೆಗೂ ಅವಳು ಅವನ ಹಿಂದೆ ಹಿಂದೆಯೇ ನಡೆದಳು, ಜೊತೆಗೆ ನಡೆಯಲಾಗಲಿಲ್ಲ.

ಮುಂದಿನ ಭಾನುವಾರ ಹಾಗಲವಾಡಿ ಕಡೆಯಿಂದ ಇಬ್ಬರನ್ನು ಕರೆತಂದು ಗಾಡಿಗೆ ಕಟ್ಟಿದರು. ಹೊಸ ಆಕ್ಟಿವಿಟಿ ಅಕ್ಕನಿಗೂ ಈ ಎತ್ತುಗಳಿಗೂ ಸಂಬಂಧ ಇರಕೂಡದೆಂದು ನಾಗೇಶ ನಿಯಮ ಮಾಡಿದ್ದಾನೆ. ಈಗ ಜೋಡಿಯಾದ್ದರಿಂದ ಗಾಡಿ ಸಲೀಸಾಗಿ ಹೋಗುತ್ತಿದೆ.