ಕರೆಂಟು ಬಂದ ಮೇಲೆ

ಧಮ್ಮಶೀಲಾಳ ಮೈ ತೊಳೆಯಲು ಕೂತ ಭೂದೇವಿ ಅವಳ ಸೊಂಟದಿಂದ ಬೀಗದ ಕೈ ಬಿಚ್ಚುತ್ತಿರುವಾಗಲೇ ಸತ್ತವಳ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಬೇಳೆ ಮಿಲ್ಲಿನದು. ಗಂಡ ಮಿಲಿಂದ ಕರೆ ಕತ್ತರಿಸಿ ಫೋನನ್ನು ಜೇಬಿಗೆ ಹಾಕಿಕೊಂಡ. ತನ್ನ ಅಕ್ಕ ಭೂದೇವಿ ಕೊಟ್ಟ ಬೀಗದ ಕೈಯನ್ನೂ ಅಲ್ಲೇ ತುರುಕಿದ.

ನಾರಾಯಣಖೇಡದ ಆ ಮಿಲ್ಲಿನಲ್ಲಿ ತೊಗರಿ ಲಾರಿಗಳ ತೂಕ, ಚೀಟಿ ಎಲ್ಲವೂ ನಡೆಯುವುದು ಒಂದು ಸರ್ವರಿನ ಮೇಲೆ. ಅದರ ಕೋಣೆ ಧಮ್ಮಶೀಲಾಳ ಉಸ್ತುವಾರಿ, ಬೀಗದ ಕೈ ಇದ್ದದ್ದೂ ಅವಳೊಬ್ಬಳ ಬಳಿ. ರಾತ್ರಿ ಕರೆಂಟು ಹೋಗಿ ಬಂದಿತ್ತು, ಸರ್ವರು ಎದ್ದಿರಲಿಲ್ಲ. ಆ ಸರ್ವರು ಕೂಡಿಸಿದ್ದ ಮಿಲ್ಲಿನ ಕ್ರಾಂತಿಕುಮಾರ ಬೆಳಗಿನಿಂದ ಅಂಗಳದಲ್ಲಿ ನಿಂತಿದ್ದ. ಹೆಣದ ಮುಂದೆ ಬೀಗದ ಕೈ ಕೇಳಲು ಅವನಿಗೆ ನಾಲಗೆ ಏಳುತ್ತಿರಲಿಲ್ಲ.

ಬಸ್ಸಿನ ಡ್ರೈವರಾದ ಮಿಲಿಂದನಿಗೋ ಕೂತಲ್ಲಿ ಕೂರಲಾಗುತ್ತಿಲ್ಲ. ಒಳಗೆ ಹೋದ, ಹೊರಗೆ ಬಂದ, ಚಪ್ಪಲಿ ಮೆಟ್ಟಿದ, ಬಿಟ್ಟ. ಎದೆನೋವೆಂದವಳು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದಳು. ಆ ಮಿಲ್ಲೇ ಅವಳನ್ನು ತಿಂದಿತೆಂದು ಬಂದವರಿಗೆಲ್ಲ ಹೇಳಿದ.

*

ಹೋದ ಭಾನುವಾರವೂ ಹೀಗೇ ಆಗಿತ್ತು. ಮನೆ ತುಂಬ ನೆಂಟರು. ಧಮ್ಮಶೀಲಾ ರೊಟ್ಟಿ ಬಡಿಯುತ್ತಿದ್ದಳು. ಮಿಲಿಂದ ಮಧ್ಯಾಹ್ನದ ನಿದ್ದೆಗೆಂದು ಎಂದೋ ಕಾಣೆಯಾದ ಗಿಳಿ ಕಸೂತಿಯ ದಿಂಬು ಹುಡುಕುತ್ತ ರಂಪ ಮಾಡುತ್ತಿದ್ದ. ಕರೆಂಟು ಹೋಗಿ ಬಂತು, ಫೋನೂ ಬಂತು. ಅವಳು ಹಿಟ್ಟಿನ ಕೈ ತೊಳೆದು ಎದ್ದಳು.

“ನೀ ಹೋಗ್ಲಿಲ್ಲಂದ್ರ ಮಿಲ್ ಸಾಯ್ತದೇನ?”

“ಕರೆಂಟ್ ಬಂದ್ರೂ ಅದು ತಾನೇ ಚಾಲೂ ಆಗಂಗಿಲ್ರಿ. ನಾನೇ ಹೋಗ್ಬೇಕು.”

ಹೋದವಳು ಬಂದದ್ದು ಸಂಜೆಗೆ. ಒಂದು ಗುಂಡಿ ಒತ್ತಲು ಅಷ್ಟು ಹೊತ್ತೇಕೆಂದು ಅವನು ಕೇಳಿದ. ಅವಳು ಒಲೆಯ ಮುಂದೆ ಕೂತಳು. ನಾದಿದ ಹಿಟ್ಟು ಅವಳಿಗಾಗಿ ಹಾಗೆಯೇ ಕಾದಿತ್ತು.

*

ಮಣ್ಣು ಮಾಡಿ ಬರುವಾಗ ಮಿಲಿಂದ ಮನೆಯ ದಾರಿ ಬಿಟ್ಟು ಮಿಲ್ಲಿನತ್ತ ತಿರುಗಿದ. ಮೊದಲು ಜಳಕ ಮಾಡೆಂದು ಭೂದೇವಿ ತೋಳು ಹಿಡಿದಳು. ಆ ಯಂತ್ರ ಒಡೆದೇ ಬರುತ್ತೇನೆಂದು ಕೊಸರಿಕೊಂಡ. ಕ್ರಾಂತಿಕುಮಾರ ಹೆದರಿ ಬೆನ್ನಿಗೆ ಓಡಿದ.

ಬೀಗ ತೆಗೆದರೆ ಒಳಗೆ ಎಸಿಯ ತಂಪು. ಸರ್ವರಿನ ಹಿಂದೆ, ಕಿಟಕಿಯ ಕೆಳಗೆ ಒಂದು ಚಾಪೆ ಹಾಸಿತ್ತು. ಅದರ ಮೇಲೆ ಗಿಳಿ ಕಸೂತಿಯ ದಿಂಬು. ನಡುವೆ ತಲೆಯಿಟ್ಟ ತಗ್ಗು ಇನ್ನೂ ಇತ್ತು.

ಮಿಲಿಂದನ ಕೈ ಏಳಲಿಲ್ಲ. ಕ್ರಾಂತಿಕುಮಾರ ಗುಂಡಿ ಒತ್ತಿ, ಯಂತ್ರ ಪೂರ್ತಿ ಏಳುವ ಮೊದಲೇ ಅದರ ಸೆಟ್ಟಿಂಗಿನ ಪುಟ ತೆರೆದ. ಇನ್ನು ಯಾರೂ ಬರಬೇಕಾಗದಂತೆ ಮಾಡುತ್ತೇನೆಂದವನು ಪರದೆ ನೋಡಿ ಗಲಿಬಿಲಿಗೊಂಡ.

“ಕರೆಂಟ್ ಬಂದ ಕೂಡ್ಲೆ ತಾನೇ ಚಾಲೂ ಆಗ್ಲಿ ಅಂತ ನಾನೇ ಇಟ್ಟಿದ್ದೆರಿ. ಅದು ಕೆಟ್ಟು ಹೋಗ್ಯದ ಅನ್ಕೊಂಡಿದ್ದೆ. ಧಮ್ಮಶೀಲಕ್ಕಾರು ಬದಲಾಯಿಸ್ಯಾರ. ಬಂದ್ ಇರ್ಲಿ ಅಂತ ಇಟ್ಟಾರ.”

ಮಿಲಿಂದ ದಿಂಬನ್ನೇ ನೋಡುತ್ತಿದ್ದ. ಅವಳು ಮನೆಯಲ್ಲಿ ಹಗಲು ಮಲಗಿದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಬೆಳಗಿನಿಂದ ಬಾರದ ಅಳು ಈಗ ಬಂತು, ಅದಕ್ಕಿಂತ ಮೊದಲು ನಾಚಿಕೆ ಬಂತು.

“ಮೊದಲಿನಂಗ ಮಾಡ್ಲೇನ್ರಿ?”

“ಇವತ್ತ ಬ್ಯಾಡ್ರಿ. ಬಂದ್ ಮಾಡ್ರಿ. ಆಕಿ ಮಲಗ್ಲಿ.”

ಯಂತ್ರದ ಫ್ಯಾನಿನ ಸದ್ದು ಇಳಿಯುತ್ತ ನಿಂತಿತು. ಮಿಲಿಂದ ಸಪ್ಪಳವಾಗದಂತೆ ಬಾಗಿಲು ಮುಂದೆಳೆದ. ಹೊರಗೆ ಕಾದು ಬೇಸತ್ತ ಲಾರಿಯವನೊಬ್ಬ ಬಿಡದೆ ಹಾರನ್ ಹೊಡೆಯುತ್ತಿದ್ದ. ಮಿಲಿಂದ ಮಣ್ಣು ಮೆತ್ತಿದ ಬೆರಳನ್ನು ತುಟಿಗಿಟ್ಟುಕೊಂಡು ಅವನತ್ತ ಓಡಿದ.