ಕುರಿರೊಪ್ಪದಲ್ಲಿ ಹುಟ್ಟಿದ ಶಾಲೆಯ ಚರಿತ್ರೆ

೧೯೮೩ರಲ್ಲಿ ನಮ್ಮ ಚರ್ಚ್ ಶಾಲೆಗೆ ಹತ್ತು ವರ್ಷ ತುಂಬಿತು. ಜಗಳೂರು ಸೀಮೆಯಲ್ಲಿ ಹತ್ತು ವರ್ಷ ಬಾಳಿದ ಯಾವುದಕ್ಕಾದರೂ ಒಂದು ಸ್ಮರಣ ಸಂಚಿಕೆ ತರಲೇಬೇಕು. ಕನ್ನಡ ಮೇಷ್ಟ್ರಾದ ಒಂದೇ ತಪ್ಪಿಗೆ ಶಾಲೆಯ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಚರಿತ್ರೆ ಹುಡುಕುವ ಕಷ್ಟವನ್ನು ಅಜ್ಜಮ್ಮ ಕೊಡಲಿಲ್ಲ, ತಾನೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಕುರಿ ಸಾಕುವ ಹೆಂಗಸು. ಮೊದಲ ಫಾದರಿಗೆ ಊರಿನಲ್ಲಿ ಯಾರೂ ಜಾಗ ಕೊಡದಿದ್ದಾಗ, ಕುರಿಗಳನ್ನು ಹೊರಗಟ್ಟಿ, ಹಿಕ್ಕೆ ಗುಡಿಸಿ, ತನ್ನ ಕುರಿರೊಪ್ಪದಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿದವಳು ಅವಳೇ.

“ನನ್ನ ಕುರಿ ಎರಡು ಮಳೆಗಾಲ ಬಯಲಾಗೆ ಮಲಗಿದ್ವು ಮೇಷ್ಟ್ರೇ. ಆರು ಮರಿ ಹೋದ್ವು. ನನಗೇನೂ ಬ್ಯಾಡ, ಆ ಪುಸ್ತಕದಾಗೆ ನನ್ನ ಹೆಸರೊಂದು ಬರೀರಿ, ಸಾಕು.”

“ಬರೀದೆ ಇರ್ತೀನಾ ಅಜ್ಜಮ್ಮ? ಮೊದಲ್ನೇ ಪುಟದಾಗೇ ಬರ್ತೈತೆ,” ಅಂದೆ. ಬರೆದೆ ಕೂಡ.

ಆಮೇಲೆ ಸಮಿತಿ ಕೂತಿತು. ‘ಬಡವರಲ್ಲಿ ಬಡವರ ಸೇವೆಯೇ ನಮ್ಮ ಧ್ಯೇಯ’ ಎಂಬ ಬೋರ್ಡಿನ ಕೆಳಗೇ ಕೂತಿತು. ಈಗಿನ ಫಾದರ್ ಮೆತ್ತಗಿನ ಮನುಷ್ಯ. ಕುರಿರೊಪ್ಪ ಅಂದರೆ ಬಿಷಪ್ಪರು ಏನೆಂದುಕೊಂಡಾರು ಎಂದು ಸಂಕಟಪಟ್ಟರು.

“ಯೇಸುಸ್ವಾಮಿ ಹುಟ್ಟಿದ್ದೂ ಕೊಟ್ಟಿಗೆಯಲ್ಲೇ ಅಲ್ಲವೇ ಫಾದರ್?” ಎಂದೆ.

“ಅದು ಬೆತ್ಲೆಹೇಮ್, ಮೇಷ್ಟ್ರೇ,” ಎಂದರು.

ರೊಪ್ಪ ‘ಪರ್ಣಕುಟೀರ’ವಾಯಿತು. ಉಳಿದದ್ದನ್ನು ಶೇಂಗಾ ಮಂಡಿಯ ನಾಗೇಂದ್ರಪ್ಪನವರು ನೋಡಿಕೊಂಡರು. ಹತ್ತು ವರ್ಷದ ಹಿಂದೆ, ಈ ಪಾದ್ರಿ ಮಕ್ಕಳ ಜಾತಿ ಕೆಡಿಸಾಕೆ ಬಂದಾನೆ ಅಂತ ಮನೆಮನೆಗೂ ಹೇಳಿಬಂದವರು ಅವರೇ. ಈಗ ಎರಡು ಫ್ಯಾನ್ ಕೊಟ್ಟು ಸಂಸ್ಥಾಪಕ ಪೋಷಕರಾಗಿದ್ದರು.

“ಕುರಿ ಕಾಯೋಳ ಹೆಸರಿನ ಕೆಳಗೆ ನನ್ನ ಹೆಸರು ಬರ್ತೈತಲ್ರೀ, ಅದು ಹೆಂಗೆ?” ಅಂದರು.

ಅಜ್ಜಮ್ಮ ‘ಸ್ಥಳೀಯ ಮಹಾಜನತೆ’ಯಾದಳು. ತಿದ್ದಿ ಬರೆದವನು ನಾನೇ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ದಶಮಾನೋತ್ಸವದ ದಿನ ಗೇಟಿನಲ್ಲೇ ಸಂಚಿಕೆ ಹಂಚಿದರು. ಮಧ್ಯಾಹ್ನ ಅಜ್ಜಮ್ಮ ಮಡಿಸೀರೆ ಉಟ್ಟು ಬಂದು, ಪುಸ್ತಕ ನನ್ನ ಕೈಗಿಟ್ಟು, “ನನ್ನ ಹೆಸರು ಎಲ್ಲೈತೆ, ಓದ್ರಿ ಮೇಷ್ಟ್ರೇ,” ಅಂದಳು.

ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ನಾಚಿಕೆಗೆಟ್ಟವನು ನಾನು, ಮೊದಲ ಪುಟ ತೆರೆದು ಅಲ್ಲಿ ಇಲ್ಲದ್ದನ್ನೆಲ್ಲ ಓದಿದೆ. “ಅಜ್ಜಮ್ಮನೆಂಬ ಮಹಾತಾಯಿ ತನ್ನ ಕುರಿಗಳನ್ನು ಮಳೆಗೆ ಬಿಟ್ಟು ಈ ಶಾಲೆಗೆ ಸೂರು ಕೊಟ್ಟಳು...” ಓದುತ್ತ ಓದುತ್ತ ಹುರುಪು ಬಂತು. ಸತ್ತ ಮರಿಗಳ ಬಣ್ಣವನ್ನೂ ಸೇರಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು.

“ಭಾಳ ಚೆಂದಾಗೈತೆ,” ಎಂದು ಪುಸ್ತಕ ಇಸಿದುಕೊಂಡಳು. “ಮೊದಲ್ನೇ ಫಾದರು ಹುಡುಗ್ರಿಗೆ ಅಕ್ಷರ ತಿದ್ದಿಸೋವಾಗ ನಾನೂ ಹಿಂದೆ ಕುಂತು ಕಲ್ತಿದ್ದೆ. ಬೆಳಿಗ್ಗೇನೇ ಇದನ್ನ ಎರಡು ಸಲ ಓದೀನಿ. ನೀವು ಈಗ ಓದಿದ್ದನ್ನೇ ಅಚ್ಚು ಹಾಕಿಸಬೇಕಿತ್ತು, ಮೇಷ್ಟ್ರೇ.”