ಕಬ್ದೆನನ ಸಮೋವರ್

"ಅದನ್ನ ಅಲ್ಲೇ ಇಡಿ, ಭಾವ!"

ಉರ್ಕಿಯಾ ಹೊಸ್ತಿಲಿನಿಂದ ಕೂಗಿದಾಗ ಎಸಿಮ್ ಸಮೋವರನ್ನು ಎದೆಗೆ ಅವುಚಿಕೊಂಡು, ಉಗ್ರಾಣದ ಬಾಗಿಲನ್ನು ಮೊಣಕಾಲಿನಿಂದ ತಳ್ಳುತ್ತಿದ್ದ. ಹೊಟ್ಟೆ ನೆಗ್ಗಿದ ಹಿತ್ತಾಳೆಯ ಚಹಾ ಹಂಡೆ ಅದು. ನಡುವಿನ ಕೊಳವೆಯಲ್ಲಿ ಕೆಂಡ ತುಂಬಿ, ಸುತ್ತಲಿನ ನೀರು ಕಾಯಿಸುವಂಥದ್ದು.

"ಊರಿಗೆ ಊರೇ ಬರುತ್ತೆ ಕಣಮ್ಮ. ಈ ಮಸಿ ಹಿಡಿದದ್ದನ್ನ ಯಾರೆದುರು ಇಡೋದು? ಪಕ್ಕದ ಮನೆಯಿಂದ ಕರೆಂಟಿನದು ತರಿಸಿದ್ದೀನಿ, ಥಳಥಳ ಅಂತಿದೆ."

"ಕರೆಂಟಿನದು ಇವತ್ತು ಈ ಮನೆಯಲ್ಲಿ ಬೇಡ. ಅವರು ಕೇಳಿಸಿಕೊಂಡರೆ ಎದ್ದು ಕೂತುಬಿಟ್ಟಾರು."

ಎಸಿಮ್ ನಗಬೇಕೋ ಬೈಯಬೇಕೋ ತಿಳಿಯದೆ ನಿಂತ. ಒಳಗೆ ಬಲಗಡೆಯ ಕೋಣೆಯಲ್ಲಿ ಅವನ ತಮ್ಮ ಕಬ್ದೆನ್ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿದ್ದ. ಶವ ತೊಳೆಯುವವರು ಬೆಳಿಗ್ಗೆಯೇ ಬಂದು ಹೋಗಿದ್ದರು. ಅಂಗಳದಲ್ಲಿ ದೊಡ್ಡ ಬಾಣಲೆಯಲ್ಲಿ ಕುದುರೆ ಮಾಂಸ ಬೇಯುತ್ತಿತ್ತು, ಅಡುಗೆಮನೆಯಿಂದ ಎಣ್ಣೆಯಲ್ಲಿ ಕರಿದ ರೊಟ್ಟಿಯ ವಾಸನೆ ಬರುತ್ತಿತ್ತು. ಗಂಡ ಸತ್ತವಳು ಹೀಗೆ ಅಂಗಳದ ಕಡೆ ಮುಖ ಹಾಕಬಾರದು. ಆದರೂ ಸಮೋವರಿನ ಮುಚ್ಚಳದ ಸದ್ದು ಕೇಳಿ ಉರ್ಕಿಯಾಗೆ ಕೂತಿರಲಾಗಲಿಲ್ಲ.

ಎಸಿಮ್ ಸಮೋವರನ್ನು ಕೆಳಗಿಟ್ಟು ಹತ್ತಿರ ಬಂದ. ದನಿ ತಗ್ಗಿಸಿದ.

"ಮುಕಾಶ್ ಬರ್ತಾನಾ?"

"ಬರದೆ ಎಲ್ಲಿ ಹೋಗ್ತಾನೆ?"

"ಅದೇ ನನ್ನ ಭಯ. ಮುಲ್ಲಾ ಎಲ್ಲರೆದುರು ಕೇಳ್ತಾರಲ್ಲ, ಯಾರಿಗಾದರೂ ಮನಸ್ತಾಪ ಇದ್ದರೆ ಇಲ್ಲೇ ಬಿಟ್ಟುಬಿಡಿ ಅಂತ. ಆ ಮೊಂಡ 'ಬಿಡಲ್ಲ' ಅಂದರೆ? ನನ್ನ ತಮ್ಮ ಆ ಹೊರೆ ಹೊತ್ತುಕೊಂಡೇ ಮಣ್ಣಿಗೆ ಹೋಗಬೇಕಾ? ದಾರೀಲೇ ತಡೆದು ವಾಪಸ್ ಕಳಿಸಲಾ?"

ಉರ್ಕಿಯಾಗೂ ಬೆಳಗಿನಿಂದ ಅದೇ ಭಯ. ಸಾಯುವ ಮುನ್ನ ಕಬ್ದೆನ್ ಎಲ್ಲರ ಕೈ ಹಿಡಿದು ತಪ್ಪಿದ್ದರೆ ಮನ್ನಿಸಿ ಎಂದು ಕೇಳಿಕೊಂಡಿದ್ದ. ಜೊತೆಯಲ್ಲಿ ದುಡಿದ ಹಳೆಯ ಗೆಳೆಯ ಮುಕಾಶನೊಬ್ಬನನ್ನು ಬಿಟ್ಟು.

"ಬರಲಿ ಬಿಡಿ ಭಾವ," ಎಂದಳು. "ಕೆಂಡ ಹಾಕಿಸಿ. ನೀರು ತುಂಬ ಇರಲಿ."

*

ಮದುವೆಯಾಗಿ ಕುರ್ಚಾತೊವ್ ಎಂಬ ಈ ಪಟ್ಟಣಕ್ಕೆ ಬಂದಾಗ ಗಂಡನಿಗೆ ನೀರಿನ ಕೊಳಾಯಿ ಕೆಲಸ ಎಂದು ಉರ್ಕಿಯಾ ನಂಬಿದ್ದಳು. ಬೆಳಿಗ್ಗೆ ಬಸ್ಸು ಬಂದು ಗಂಡಸರನ್ನು ಹುಲ್ಲುಗಾವಲಿನಾಚೆ ಕರೆದೊಯ್ಯುತ್ತಿತ್ತು, ಸಂಜೆ ತಂದು ಇಳಿಸುತ್ತಿತ್ತು. ಏನು ಮಾಡಿದಿರಿ ಎಂದು ಕೇಳುವ ಹಾಗಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಆ ದಿನಗಳಲ್ಲಿ ಇಡೀ ಪಟ್ಟಣವೇ ನಾಲಿಗೆಯನ್ನು ಹಲ್ಲಿನ ಹಿಂದೆ ಕಟ್ಟಿಹಾಕಿಕೊಂಡಿತ್ತು.

ಆಮೇಲೆ ಆ ಕೆಲಸ ನಿಂತಿತು. ದೇಶದ ಹೆಸರೇ ಬದಲಾಯಿತು. ಕಬ್ದೆನ್ ಪಟ್ಟಣದ ಮನೆಗಳಿಗೆ ಬಿಸಿನೀರು ಹರಿಸುವ ಬಾಯ್ಲರ್ ಮನೆಗೆ ಸೇರಿದ, ಮುಕಾಶ್ ಹಾಳಾದ ಟಿವಿ ಫ್ರಿಜ್ಜುಗಳನ್ನು ರಿಪೇರಿ ಮಾಡತೊಡಗಿದ. ನಾಲಿಗೆಯ ಕಟ್ಟು ಬಿಚ್ಚಿದ್ದು ಆಗ. ಒಂದು ಭಾನುವಾರ ಮುಕಾಶ್ ಚಹಾಕ್ಕೆ ಬಂದವನು, "ಏನೇ ಹೇಳು, ಆ ಎಂಜಿನ್ ದಂಡ ಕಣೋ," ಎಂದ. ಕಬ್ದೆನ್ ಬಟ್ಟಲು ಕೆಳಗಿಟ್ಟ. ಗಂಡ ಅಷ್ಟು ವರ್ಷ ಮಾಡಿದ್ದು ಏನೆಂದು ಉರ್ಕಿಯಾಗೆ ತಿಳಿದದ್ದು ಆ ಜಗಳದಿಂದಲೇ. ಅಣುವಿನ ಕಾವಿನಿಂದ ಓಡುವ ರಾಕೆಟ್ ಎಂಜಿನ್ನನ್ನು ನೆಲಕ್ಕೆ ಬಿಗಿದು, ಬಾಯಿ ಮೇಲೆ ಮಾಡಿ, ಉರಿಸಿ ನೋಡುವ ಜಾಗ ಅದು. ಕಬ್ದೆನ್ ಅಲ್ಲಿ ಹೈಡ್ರೋಜನ್ ಕೊಳವೆಗಳಿಗೆ ಬೆಸುಗೆ ಹಾಕುತ್ತಿದ್ದ, ಮುಕಾಶ್ ವಿದ್ಯುತ್ ತಂತಿ ಎಳೆಯುತ್ತಿದ್ದ.

"ಬಾರೇ ಇಲ್ಲಿ," ಎಂದು ಕಬ್ದೆನ್ ಅವಳನ್ನು ಕರೆದು ಸಮೋವರಿನ ಮುಚ್ಚಳ ತೆಗೆದ. "ನಡುವೆ ಕೆಂಡ, ಸುತ್ತ ನೀರು. ಕೆಂಡದ ಬದಲು ಯುರೇನಿಯಂ ಇಡು. ನೀರಿನ ಬದಲು ಹೈಡ್ರೋಜನ್ ಬಿಡು. ಕಾದ ಹಬೆ ಹಿಂದಕ್ಕೆ ನುಗ್ಗುತ್ತೆ, ಬಂಡಿ ಮುಂದಕ್ಕೆ ಹಾರುತ್ತೆ. ಸೀಮೆಎಣ್ಣೆ ಸುಟ್ಟು ಹೋಗೋ ರಾಕೆಟ್ಟು ಇದರ ಮುಂದೆ ಕುಂಟು ಕತ್ತೆ."

"ಆ ಬಂಡಿ ಒಂದು ಸಲ ಹಾರಿ, ನೀರು ಖಾಲಿ ಮಾಡ್ಕೊಂಡು ಬಾಯಿ ಒಣಗಿಸ್ಕೊಂಡು ಕೂರುತ್ತೆ ಅತ್ತಿಗೆ," ಎಂದ ಮುಕಾಶ್. "ನಾನು ಹೇಳೋ ಎಂಜಿನ್ ಕೇಳಿ. ಬಿಸಿಲಿನಿಂದ ಕರೆಂಟು ಮಾಡೋದು. ಆ ಕರೆಂಟಿನಿಂದ ಚಿಟಿಕೆ ಚಿಟಿಕೆ ಅನಿಲ ಹಿಂದಕ್ಕೆ ಎಸೆಯೋದು. ತಳ್ಳೋ ಬಲ ಒಂದು ಹಾಳೆ ಕಾಗದದ ಭಾರದಷ್ಟೇ. ಆದರೆ ತಳ್ಳೋದು ನಿಲ್ಲಲ್ಲ, ವರ್ಷಗಟ್ಟಲೆ ನಿಲ್ಲಲ್ಲ."

"ನಿನ್ನ ಹೆಂಡತಿಯ ಗೊಣಗಾಟದ ಹಾಗೆ."

"ಹೌದು ಕಣೋ, ಅದಕ್ಕೇ ನಾನು ಬಾಳಿನಲ್ಲಿ ಇಷ್ಟು ದೂರ ಬಂದೆ."

"ಮನುಷ್ಯರನ್ನ ಮಂಗಳಕ್ಕೆ ಕಳಿಸಬೇಕಲ್ಲಪ್ಪ. ನಿನ್ನ ಕಾಗದದ ಗಾಡಿಯಲ್ಲಿ ಕೂತರೆ ದಾರೀಲೇ ಗಡ್ಡ ನೆರೆತು ಹೋಗುತ್ತೆ."

"ಅವಸರ ಏನಿದೆ? ಅಲ್ಲಿ ಯಾರ ಮದುವೆ ಊಟ ಆರಿಹೋಗ್ತಿದೆ?"

ಅಂದಿನಿಂದ ಭಾನುವಾರ ತಪ್ಪಲಿಲ್ಲ. ಸಕ್ಕರೆ ಉಂಡೆಗಳು ಗ್ರಹಗಳಾದವು, ಮಿಠಾಯಿಯ ಮಿನುಗು ಕಾಗದ ಬಿಸಿಲು ಹಿಡಿಯುವ ಹಲಗೆಯಾಯಿತು. ಮಗಳು ಶೋಲ್ಪಾನ್ ಶಾಲೆಯಿಂದ ಒಂದು ಸುದ್ದಿ ತಂದಳು, ದೊಡ್ಡ ಹಾಯಿಬಟ್ಟೆ ಬಿಚ್ಚಿದರೆ ಬಿಸಿಲು ಬಡಿದೇ ಹಡಗು ತೇಲಿಹೋಗುತ್ತಂತೆ, ಎಂಜಿನ್ನೇ ಬೇಡವಂತೆ. "ಸುಮ್ಮನಿರು!" ಎಂದು ಇಬ್ಬರೂ ಒಂದೇ ಉಸಿರಿಗೆ ಗದರಿದರು. ಅವರಿಬ್ಬರು ಒಮ್ಮತಕ್ಕೆ ಬಂದದ್ದನ್ನು ಉರ್ಕಿಯಾ ನೋಡಿದ್ದು ಅದೊಂದೇ ಸಲ.

*

ಗಂಡಸರು ಗುಂಪು ಗುಂಪಾಗಿ ಬರತೊಡಗಿದರು. ಬೀದಿಯ ತಿರುವಿನಿಂದಲೇ "ಅಯ್ಯೋ ನನ್ನ ತಮ್ಮನೇ!" ಎಂದು ಗೋಳಿಡುತ್ತ ಬಂದು ಎಸಿಮನನ್ನು ತಬ್ಬಿಕೊಳ್ಳುತ್ತಿದ್ದರು. ಒಳಗೆ ಉರ್ಕಿಯಾ, ಶೋಲ್ಪಾನ್ ಹಾಡಿ ಅಳುತ್ತಿದ್ದರು. ಸತ್ತವನ ಬದುಕನ್ನು ಅಳುವಿನಲ್ಲೇ ಹೇಳಬೇಕು, ಅದು ವಾಡಿಕೆ. ಶೋಲ್ಪಾನ್ ಬೆಸುಗೆಯ ಕಿಡಿ ಬಿದ್ದು ಚುಕ್ಕೆಯಾದ ಅಪ್ಪನ ಕೈಗಳನ್ನು ಹಾಡಿದಳು. ಚಳಿಗಾಲದಲ್ಲಿ ಇಡೀ ಪಟ್ಟಣ ಬೆಚ್ಚಗೆ ಮಲಗಲೆಂದು ಬಾಯ್ಲರ್ ಕಾಯ್ದದ್ದನ್ನು ಹಾಡಿದಳು. ತನಗೆ ಶುಕ್ರಗ್ರಹದ ಹೆಸರಿಟ್ಟು, "ನೀನಿರೋದು ಹತ್ತಿರವೇ ಮಗಳೇ, ನನ್ನ ಎಂಜಿನ್ನಿಗೆ ಅದೇನು ದೂರ" ಎನ್ನುತ್ತಿದ್ದುದನ್ನು ಹಾಡುವಾಗ ದನಿ ಒಡೆಯಿತು.

ಹೊರಗೆ ಒಮ್ಮೆಲೇ ಮಾತು ನಿಂತಿತು. ಯಾರು ಬಂದರೆಂದು ನೋಡದೆಯೇ ಉರ್ಕಿಯಾಗೆ ತಿಳಿಯಿತು.

ಮುಕಾಶ್ ಗೋಳಿಡುತ್ತ ಬರಲಿಲ್ಲ. ಟೋಪಿ ಕಣ್ಣಿನವರೆಗೂ ಎಳೆದುಕೊಂಡು ನೆಟ್ಟಗೆ ನಡೆದು ಬಂದ. ಎಸಿಮ್ ಕೈ ಚಾಚಿದ, ತಬ್ಬಿಕೊಳ್ಳಲಿಲ್ಲ.

*

ಅವರ ಕೊನೆಯ ಜಗಳ ಎಲೆ ಉದುರುವ ಕಾಲಕ್ಕೆ ನಡೆದದ್ದು. ಕಬ್ದೆನನ ಎದೆ ಆಗಲೇ ಸೋತಿತ್ತು, ಆದರೂ ಮಾತು ಸೋತಿರಲಿಲ್ಲ. ಮುಕಾಶನ ಗಾಡಿ ಗಂಟೆಗಟ್ಟಲೆ ಉಗುಳಿದರೂ ಒಂದು ನೊಣವನ್ನು ಓಡಿಸಲಾರದು ಎಂದು ಆಡಿಕೊಂಡ. ಮುಕಾಶನಿಗೆ ಅಂದು ಏನಾಗಿತ್ತೋ, ನಗಲಿಲ್ಲ.

"ನಾನು ಹೇಳೋ ಎಂಜಿನ್ ಆಕಾಶದಲ್ಲಿ ಎಷ್ಟೋ ಉಪಗ್ರಹಗಳನ್ನ ತಳ್ತಿದೆ. ನಿನ್ನದು ಒಂದು ಗೇಣು ನೆಲ ಬಿಟ್ಟು ಎದ್ದಿದೆಯೇನೋ? ಬಾಯಿ ಮೇಲೆ ಮಾಡಿ ಬೆಂಕಿ ಉಗುಳಿ, ಜೀವಮಾನ ಪೂರ್ತಿ ಭೂಮಿಯನ್ನೇ ಕೆಳಕ್ಕೆ ಒತ್ತಿದಿರಿ. ನೆಂಟರಿಗೆ ಒಂದು ಬಟ್ಟಲು ಚಹಾ ಕೊಡದ ಸಮೋವರ್ ಅದು."

ಕಬ್ದೆನ್ ಕೈ ಚಾಚಿ, ಮುಕಾಶನ ಮುಂದಿದ್ದ ಬಟ್ಟಲನ್ನು ಬೋರಲು ಹಾಕಿದ. ಕುಡಿದವನೇ ತನ್ನ ಬಟ್ಟಲು ಬೋರಲು ಹಾಕಿದರೆ ಸಾಕೆಂದು ಅರ್ಥ. ಮನೆಯವನು ಹಾಕಿದರೆ ಎದ್ದು ಹೋಗೆಂದು. ಮುಕಾಶ್ ಎದ್ದು ಹೋದ. ಆ ಬಟ್ಟಲನ್ನು ಎತ್ತಲು ಕಬ್ದೆನ್ ಬಿಡಲಿಲ್ಲ. ಅದು ಹಾಗೇ ಬೋರಲಾಗಿ ಕಪಾಟಿನಲ್ಲಿ ಉಳಿಯಿತು.

ಹಾಸಿಗೆ ಹಿಡಿದ ಮೇಲೆ ಒಬ್ಬೊಬ್ಬರೇ ಬಂದು ಬೀಳ್ಕೊಟ್ಟರು. "ಮುಕಾಶನಿಗೂ ಹೇಳಿ ಕಳಿಸ್ತೀನಿ," ಎಂದಳು ಉರ್ಕಿಯಾ.

"ಬೇಡ. ನಾನು ಕರೆದರೆ ಸೋತೆ ಅಂದ್ಕೊಳ್ತಾನೆ."

"ಇಬ್ಬರಿಗೂ ಹಲ್ಲಿಲ್ಲ, ಇನ್ನೂ ಸೋಲು ಗೆಲುವು!"

ಕಬ್ದೆನ್ ನಕ್ಕ. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಕ್ಕ. "ಅವನಿಗೆ ಒಂದು ಪ್ರಶ್ನೆ ಇಟ್ಟಿದ್ದೀನಿ ಕಣೇ. ಹಳೇ ಪ್ರಶ್ನೆ. ಗುರುಗ್ರಹದಾಚೆ ಹೋದ ಮೇಲೆ ನಿನ್ನ ತಂತಿಗೆ ಬಿಸಿಲು ಎಲ್ಲಿಂದ ತರ್ತೀಯೋ ಅಂತ. ಹಿಮ ಕರಗಿದ ಮೇಲೆ ನಾನೇ ಕೇಳ್ತೀನಿ. ಆಗದಿದ್ದರೆ ನೀನು ಕೇಳು."

*

ಕಂಬಳಿಯಲ್ಲಿ ಸುತ್ತಿದ ಕಬ್ದೆನನನ್ನು ಅಂಗಳಕ್ಕೆ ತಂದಿಟ್ಟರು. ಗಂಡಸರು ಸಾಲಾಗಿ ನಿಂತರು. ಹೆಂಗಸರು ಒಳಗೇ ಉಳಿದರು. ಉರ್ಕಿಯಾ ಕಿಟಕಿಯ ಗಾಜಿಗೆ ಹಣೆ ಒತ್ತಿ ನಿಂತಳು.

ಪ್ರಾರ್ಥನೆಗೆ ಮುನ್ನ ಮುಲ್ಲಾ ಕೇಳಿದ, "ಇವರು ಎಂಥ ಮನುಷ್ಯರಾಗಿದ್ದರು?"

"ಒಳ್ಳೆಯವರು!" ಎಂದಿತು ಅಂಗಳ.

"ಇವರ ಮೇಲೆ ಯಾರಿಗಾದರೂ ಮನಸ್ತಾಪ ಉಳಿದಿದ್ದರೆ ಹೇಳಿ. ಇಲ್ಲೇ ಬಿಟ್ಟುಬಿಡಿ."

ಎಸಿಮನ ಕಣ್ಣು ಮುಕಾಶನ ಮೇಲಿತ್ತು. ಮುಕಾಶ್ ಗಂಟಲು ಸರಿಮಾಡಿಕೊಂಡ.

"ನನ್ನದೊಂದಿದೆ."

"ನೋಡಿದಿರಾ, ನಾನು ಹೇಳಲಿಲ್ಲವಾ!" ಎಂದು ಎಸಿಮ್ ಹೆಜ್ಜೆ ಮುಂದಿಟ್ಟ. ಇಬ್ಬರು ಅವನ ತೋಳು ಹಿಡಿದರು.

"ಹೇಳಿ ಹಿರಿಯರೇ," ಎಂದ ಮುಲ್ಲಾ. "ಹೇಳಿ ಬಿಟ್ಟುಬಿಡಿ."

"ಬಿಡಲ್ಲ. ಬಿಟ್ಟರೆ ಅವನ ಮಾತು ಸರಿ ಅಂದ ಹಾಗಾಗುತ್ತೆ. ಸರಿ ಇಲ್ಲ ಅದು. ಇಷ್ಟು ವರ್ಷ ಸರಿ ಇಲ್ಲದ್ದು ಇವತ್ತು ಅವನು ಸತ್ತ ಅಂತ ಸರಿಯಾಗುತ್ತಾ?"

ಅಂಗಳದಲ್ಲಿ ಗುಜುಗುಜು ಎದ್ದಿತು. ಮುಲ್ಲಾನ ಮುಖ ಕೆಂಪಾಯಿತು, ಇಂಥ ಉತ್ತರ ಅವನು ಎಂದೂ ಕೇಳಿರಲಿಲ್ಲ. ಉರ್ಕಿಯಾ ಮಾತ್ರ ಮುಕಾಶನ ಗದ್ದವನ್ನು ನೋಡುತ್ತಿದ್ದಳು. ಅದು ನಡುಗುತ್ತಿತ್ತು. ಕೋಪದಿಂದ ನಡುಗುವ ಗದ್ದ ಹೇಗಿರುತ್ತದೆಂದು ಅವಳಿಗೆ ಗೊತ್ತು, ಇದು ಅದಲ್ಲ. ಬಿಟ್ಟುಬಿಟ್ಟರೆ ಈ ಮನುಷ್ಯನ ಕೈಯಲ್ಲಿ ಕಬ್ದೆನನದು ಏನೂ ಉಳಿಯುವುದಿಲ್ಲ.

ಅವಳು ಕಿಟಕಿಯ ಮೇಲಿನ ಪುಟ್ಟ ಗಾಳಿಬಾಗಿಲು ತೆರೆದಳು. "ಅಮ್ಮ, ಬೇಡ," ಎಂದು ಶೋಲ್ಪಾನ್ ತೋಳು ಹಿಡಿದಳು. ಉರ್ಕಿಯಾ ಬಿಡಿಸಿಕೊಂಡಳು.

"ಮುಕಾಶ್! ಅವರು ನಿಂಗೊಂದು ಪ್ರಶ್ನೆ ಬಿಟ್ಟು ಹೋಗಿದ್ದಾರೆ. ಗುರುಗ್ರಹದಾಚೆ ಹೋದ ಮೇಲೆ ನಿನ್ನ ತಂತಿಗೆ ಬಿಸಿಲು ಎಲ್ಲಿಂದ ತರ್ತೀಯಾ?"

ಇಡೀ ಅಂಗಳ ಕಿಟಕಿಯ ಕಡೆ ತಿರುಗಿತು, ಆಮೇಲೆ ಮುಕಾಶನ ಕಡೆ. ಮುಕಾಶ್ ಕಂಬಳಿಯ ಕಡೆ ನೋಡಿದ. ಉತ್ತರ ಕೊಟ್ಟದ್ದು ಕಂಬಳಿಗೇ.

"ತರೋಕಾಗಲ್ಲ ಕಣೋ. ಅಲ್ಲಿ ಬಿಸಿಲು ಇಲ್ಲ. ಅಷ್ಟು ದೂರಕ್ಕೆ ನನ್ನ ತಂತಿಗೆ ಕರೆಂಟು ಕೊಡೋಕೆ ನಿನ್ನ ಅಣುವಿನ ಒಲೆಯೇ ಬೇಕು." ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಒಲೆಯನ್ನ ಒಪ್ಕೊಂಡೆ. ಹಬೆಯನ್ನ ಒಪ್ಪಲ್ಲ."

ಆ ಎಂಜಿನ್ನಿನ ಕೆಲಸ ಮಾಡಿದ್ದ ಮುದುಕರು ಮೂರ್ನಾಲ್ಕು ಜನ ಅಲ್ಲಿದ್ದರು. ಅವರು ಗಡ್ಡದೊಳಗೇ ನಗುವುದು ಕೇಳಿಸಿತು. ಮುಲ್ಲಾ ತರುಣನಾದರೂ ಜಾಣ.

"ಹಿರಿಯರೇ, ವಾದ ನಾನು ಕೇಳಲಿಲ್ಲ. ಮನಸ್ತಾಪ ಕೇಳಿದೆ. ಮನಸ್ತಾಪ ಇದೆಯಾ?"

"ಮನಸ್ತಾಪ?" ಮುಕಾಶ್ ಅವನನ್ನು ಪೆದ್ದನನ್ನು ನೋಡುವಂತೆ ನೋಡಿದ. "ಅವನ ಮೇಲೆ ನಂಗ್ಯಾಕೆ ಮನಸ್ತಾಪ?"

"ಸಾಕು," ಎಂದು ಮುಲ್ಲಾ ಪ್ರಾರ್ಥನೆ ಶುರುಮಾಡಲು ಕೈಗಳನ್ನು ಕಿವಿಯವರೆಗೆ ಎತ್ತಿದ.

ಹುಲ್ಲುಗಾವಲಿನ ಕಡೆ ಗಂಡಸರು ಹೊರಟಾಗ ಮುಕಾಶ್ "ಅಯ್ಯೋ ನನ್ನಣ್ಣಾ!" ಎಂದು ಗೋಳಿಟ್ಟ. ಬೀದಿಯ ಕೊನೆಯವರೆಗೂ ಉರ್ಕಿಯಾಗೆ ಅದೊಂದೇ ದನಿ ಕೇಳುತ್ತಿತ್ತು.

*

ಮಣ್ಣು ಮಾಡಿ ಬಂದು ಊಟವಾಯಿತು. ಎಸಿಮ್ ತಾನೇ ಮುಕಾಶನನ್ನು ತನ್ನ ಪಕ್ಕಕ್ಕೆ ಕರೆದು ಕೂರಿಸಿಕೊಂಡ, ಒಳ್ಳೆಯ ತುಂಡನ್ನು ಅವನ ಕಡೆ ತಳ್ಳಿದ. ಉರ್ಕಿಯಾ ಕಪಾಟಿನಿಂದ ಬೋರಲು ಬಟ್ಟಲನ್ನು ತಂದು, ತಿರುಗಿಸಿ, ಅರ್ಧಕ್ಕಿಂತ ಕಡಿಮೆ ಚಹಾ ಹುಯ್ದು ಕೊಟ್ಟಳು. ತುಂಬ ಹುಯ್ದರೆ ಬೇಗ ಹೋಗೆಂದಂತೆ.

ಮುಕಾಶ್ ಬಟ್ಟಲನ್ನು ಗುರುತು ಹಿಡಿದ. ಎರಡೂ ಕೈಯಿಂದ ತೆಗೆದುಕೊಂಡ.

"ಆ ಪ್ರಶ್ನೆ ಅವನಿಗೆ ಯಾವಾಗ ಹೊಳೀತು, ಅತ್ತಿಗೆ?"

"ಹಳೇದಂತೆ."

"ಹಳೇದು ಅಂತ ನಂಗೂ ಗೊತ್ತು. ಎಂದಾದರೂ ಒಂದು ದಿನ ಕೇಳೇ ಕೇಳ್ತಾನೆ ಅಂತ ಪ್ರತಿ ಭಾನುವಾರ ಹೆದರಿಕೊಂಡೇ ಬರ್ತಿದ್ದೆ. ಯಾಕೆ ಕೇಳಲಿಲ್ಲ?"

"ಕೇಳಿಬಿಟ್ಟಿದ್ದರೆ ಮುಂದಿನ ಭಾನುವಾರ ನೀನು ಏನಂತ ಬರ್ತಿದ್ದೆ?"

ಮುಕಾಶ್ ಬಟ್ಟಲನ್ನು ಬರಿದು ಮಾಡಿ ಮತ್ತೆ ಅವಳ ಕಡೆ ಚಾಚಿದ.

ಹೊರಡುವ ಹೊತ್ತಿಗೆ ಸತ್ತವನ ವಸ್ತುಗಳನ್ನು ಆಪ್ತರಿಗೆ ಹಂಚಿದರು. ಎಸಿಮನಿಗೆ ತುಪ್ಪಳದ ಕೋಟು ಹೋಯಿತು. ಮುಕಾಶನಿಗೆ ಹೊಸ ಟೋಪಿಯೊಂದನ್ನು ಶೋಲ್ಪಾನ್ ತಂದಳು. ಉರ್ಕಿಯಾ ಬೇಡವೆಂದು ತಲೆಯಾಡಿಸಿ ಅಂಗಳದ ಕಡೆ ಬೆರಳು ಮಾಡಿದಳು.

"ಅದನ್ನ ತಗೊಂಡು ಹೋಗು."

"ಸಮೋವರಾ? ಅತ್ತಿಗೆ, ನನ್ನ ಮನೇಲಿ ಕರೆಂಟಿನದಿದೆ."

"ಅದಕ್ಕೇ ಹೇಳ್ತಿರೋದು. ನಿನ್ನ ಮನೇಲಿ ಅವರ ಕಡೆ ಮಾತಾಡೋಕೆ ಯಾರೂ ಇಲ್ಲ."

"ಕೆಂಡ ಇನ್ನೂ ಇದೆಯಲ್ಲ, ಆರಿಸಿ ಕೊಡಿಸಿ."

"ಆರಿಸಬೇಡ. ಹಾಗೇ ಒಯ್ಯಿ."

ಅವನು ಅಂಗಿಯ ತೋಳನ್ನು ಬೆರಳಿನವರೆಗೆ ಎಳೆದುಕೊಂಡು ಎರಡೂ ಹಿಡಿಗಳನ್ನು ಹಿಡಿದು ಎತ್ತಿದ. ಈಗ ಉರ್ಕಿಯಾ ಹೊಸ್ತಿಲಲ್ಲೇ ನಿಂತಿದ್ದಳು, ಯಾರೂ ಒಳಗೆ ಹೋಗೆನ್ನಲಿಲ್ಲ. ಬಿಸಿಲು ಇಳಿದು ಚಳಿ ಕಚ್ಚತೊಡಗಿತ್ತು. ಮುಕಾಶ್ ಬೀದಿಯ ನಟ್ಟನಡುವೆ, ಒಂದು ತೊಟ್ಟೂ ತುಳುಕದಂತೆ ನಡೆದ. ಸಮೋವರಿನ ಹಬೆ ಅವನ ತಲೆಯ ಮೇಲೆ ನೆಟ್ಟಗೆ ಏರುತ್ತಿತ್ತು, ಕೊಳವೆಯಿಂದ ಆಗೊಂದು ಈಗೊಂದು ಕಿಡಿ ಹಾರುತ್ತಿತ್ತು. ತಿರುವಿನಲ್ಲಿ ಅವನು ನಿಂತ. ನೆಗ್ಗಿದ ಹಿತ್ತಾಳೆಯ ಹೊಟ್ಟೆಗೆ ಬಾಗಿ ಏನೋ ಹೇಳಿದ, ಉತ್ತರಕ್ಕೆ ಕಾದವನಂತೆ ಕಿವಿಗೊಟ್ಟ, ಆಮೇಲೆ ಇಲ್ಲ ಇಲ್ಲವೆಂದು ಜೋರಾಗಿ ತಲೆಯಾಡಿಸುತ್ತ ಮುಂದೆ ನಡೆದ.